ಬಜೆಟ್‌ನಲ್ಲಿ ಕೋಟಿಗಳಿದ್ದರೂ ಚಿಕ್ಕಮಗಳೂರಿನ ನಮ್ಮ ಬೀದಿಗೆ ದೀಪವೇಕೆ ಬರುವುದಿಲ್ಲ?

ಬಜೆಟ್‌ನಲ್ಲಿ ಕಾಣುವ ಹಣವೆಲ್ಲ ನಗರಸಭೆ ಬಯಸಿದಲ್ಲಿಗೆ ತಿರುಗಿಸಬಹುದಾದ ಹಣವಲ್ಲ, ಅದಕ್ಕೇ. ಅನುದಾನಗಳು ಬರುವಾಗಲೇ ಕೊರಳಿಗೆ ಚೀಟಿ ಕಟ್ಟಿಕೊಂಡು ಬರುತ್ತವೆ. ಕೇಂದ್ರದ ಹಣ ಹೇಗೆ ಹಂಚಬೇಕೆಂದು ಶಿಫಾರಸು ಮಾಡುವ ಹಣಕಾಸು ಆಯೋಗಗಳಲ್ಲಿ 15ನೆಯದನ್ನೇ ನೋಡಿ: 2021–26ರ ಅವಧಿಗೆ ಹತ್ತು ಲಕ್ಷ ಜನಸಂಖ್ಯೆ ಮುಟ್ಟದ ನಗರಗಳಿಗೆ ಕೊಟ್ಟದ್ದರಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅದರಲ್ಲಿ ಒಂದು ಬಲ್ಬನ್ನೂ ಕೊಳ್ಳುವಂತಿರಲಿಲ್ಲ.

ಕೈ ಆಡಿಸಬಹುದಾದದ್ದು ಮುಖ್ಯವಾಗಿ ಆಸ್ತಿ ತೆರಿಗೆ, ಮಳಿಗೆ ಬಾಡಿಗೆಯಂತಹ ಸ್ವಂತ ಆದಾಯದಲ್ಲಿ. ಬಜೆಟ್‌ನಲ್ಲಿ ಬರೆಯುವುದು ಅದರ ಅಂದಾಜನ್ನು. ಬಾಕಿ ವಸೂಲಾಗದಿದ್ದರೆ ದೀಪದ ಕಂಬ ಕಾಗದದ ಮೇಲೆಯೇ ನಿಂತಿರುತ್ತದೆ. ಕಂಬ ನೆಟ್ಟರೂ ಮುಗಿಯಲಿಲ್ಲ, ತಿಂಗಳು ತಿಂಗಳು ಮೆಸ್ಕಾಂಗೆ ವಿದ್ಯುತ್ ಬಿಲ್ ಕಟ್ಟಬೇಕು.

ಹೊಸ ಲೆಕ್ಕ ಏಪ್ರಿಲ್ 1ರಿಂದ. ಹಾಗಾಗಿ ಹತ್ತಿರದ ವಿದ್ಯುತ್ ಕಂಬದ ಮೇಲಿನ ಸಂಖ್ಯೆ ಬರೆದ ಅರ್ಜಿಯನ್ನು ಅದಕ್ಕೂ ಮೊದಲೇ, ಬಜೆಟ್ ಪೂರ್ವಭಾವಿ ಸಭೆಯಲ್ಲಿ ಕೊಡಿ.