ಬ್ಯಾಗಿಗಲ್ಲ, ನಿಮಗೆ ವಿಮೆ ಮಾಡಿಸಿ

ಪ್ರವಾಸ ವಿಮೆ ಬಗ್ಗೆ ಈ ಸಲ ಪ್ರಶ್ನೆಗಳು ಜಾಸ್ತಿ ಬಂದಿವೆ. ರಜೆ ಹತ್ತಿರ ಬಂತು ಅಂತ ಇದರಿಂದಲೇ ಗೊತ್ತಾಗುತ್ತದೆ. 22 ವರ್ಷ ಒಂದು ವಿಮಾ ಕಂಪನಿಯ ಕ್ಲೇಮ್ ವಿಭಾಗದಲ್ಲಿ ಕೂತು ಇಂಥ ಫೈಲುಗಳನ್ನೇ ನೋಡಿದವಳು ನಾನು. ಪಾಲಿಸಿ ಮಾರುವ ಮೇಜಿನಲ್ಲಲ್ಲ, ದುಡ್ಡು ಕೊಡಬೇಕೋ ಬೇಡವೋ ಅಂತ ತೀರ್ಮಾನ ಮಾಡುವ ಮೇಜಿನಲ್ಲಿ. ಹಾಗಾಗಿ ಉತ್ತರಗಳು ಕೆಲವು ಕಡೆ ಸ್ವಲ್ಪ ಖಾರ ಅನ್ನಿಸಬಹುದು.

ಪ್ರಶ್ನೆ: ಎರಡು ವಾರ ಯುರೋಪಿಗೆ ಹೊರಟಿದ್ದೇವೆ. ಮೂರು ಪಾಲಿಸಿ ನೋಡಿದೆವು. ಒಂದು ಅಗ್ಗ, ಇನ್ನೊಂದಕ್ಕೆ ಅದರ ಎರಡರಷ್ಟು ಪ್ರೀಮಿಯಂ. ಬ್ಯಾಗು, ವಿಮಾನ ತಡ, ಪಾಸ್‌ಪೋರ್ಟ್, ಆಸ್ಪತ್ರೆ ಎಲ್ಲಾ ಮೂರರಲ್ಲೂ ಇದೆ. ಅಗ್ಗದ್ದೇ ಸಾಕಲ್ವಾ?

ಆ ಪಟ್ಟಿಯಲ್ಲಿ ಬ್ಯಾಗಿಗೂ ಒಂದು ಟಿಕ್, ಆಸ್ಪತ್ರೆಗೂ ಅದೇ ಗಾತ್ರದ ಒಂದು ಟಿಕ್. ಎಡವಟ್ಟು ಆಗುವುದೇ ಅಲ್ಲಿ. ಬ್ಯಾಗು ಹೋದರೆ ಬೇಜಾರಾಗುತ್ತದೆ, ತಿಂಗಳಲ್ಲಿ ಮರೆಯುತ್ತೀರಿ. ಆದರೆ ಪರದೇಶದ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದರೆ? ಆಪರೇಷನ್ನು, ದಿನಗಟ್ಟಲೆ ಹಾಸಿಗೆ. ಆಮೇಲೆ ಮಲಗಿಸಿಕೊಂಡೇ ವಾಪಸ್ ಕರೆತರಬೇಕು. ವಿಮಾನದಲ್ಲಿ ಸ್ಟ್ರೆಚರ್ ಹಾಕಬೇಕೆಂದರೆ ಆರೇಳು ಸೀಟು ಮಡಚಬೇಕಾಗುತ್ತದೆ. ಅಷ್ಟೂ ಸೀಟಿನ ದುಡ್ಡು ರೋಗಿಯದು. ಜೊತೆಗೆ ಬರುವ ನರ್ಸಿನ ಟಿಕೆಟ್ಟೂ ರೋಗಿಯದೇ. ಮನೆ ಮಾರಿ ಬಿಲ್ ಕಟ್ಟುವ ಸ್ಥಿತಿ ಬರುವುದು ಇಂಥದರಿಂದ, ಸೂಟ್‌ಕೇಸಿನಿಂದಲ್ಲ.

ಆದ್ದರಿಂದ ಮೂರೂ ಪಾಲಿಸಿಗಳಲ್ಲಿ ಮೊದಲು ಎರಡೇ ಅಂಕಿ ನೋಡಿ. ಚಿಕಿತ್ಸೆಗೆ ಎಷ್ಟು ಕೊಡುತ್ತಾರೆ, ವಾಪಸ್ ಕರೆತರಲು ಎಷ್ಟು ಕೊಡುತ್ತಾರೆ. ಆಮೇಲೆ ಆ ದೊಡ್ಡ ಅಂಕಿಯ ಹೊಟ್ಟೆಯೊಳಗೆ ಸಣ್ಣ ಅಂಕಿಗಳು ಅಡಗಿವೆಯಾ ಅಂತ ನೋಡಿ. ಕೋಣೆ ಬಾಡಿಗೆಗೆ ದಿನಕ್ಕೆ ಇಷ್ಟೇ, ಐಸಿಯುಗೆ ಇಷ್ಟೇ, ಸರ್ಜರಿಗೆ ಇಷ್ಟೇ ಅಂತ ಬರೆದಿರುತ್ತಾರೆ. ಅಗ್ಗದ ಪಾಲಿಸಿ ಅಗ್ಗವಾಗುವುದು ಸಾಮಾನ್ಯವಾಗಿ ಅಲ್ಲೇ. ಇಲ್ಲವಾದರೆ ಡಿಡಕ್ಟಿಬಲ್‌ನಲ್ಲಿ, ಅಂದರೆ ಪ್ರತಿ ಕ್ಲೇಮಿನಲ್ಲಿ ಮೊದಲು ನಿಮ್ಮ ಕೈಯಿಂದ ಹೋಗುವ ಮೊತ್ತದಲ್ಲಿ. ಡಿಡಕ್ಟಿಬಲ್ ಸ್ವಲ್ಪ ಜಾಸ್ತಿ ಇದ್ದರೂ ನನಗೆ ಪರವಾಗಿಲ್ಲ. ಸಣ್ಣ ಖರ್ಚು ನಾವೇ ಭರಿಸಬಹುದು. ಒಳಮಿತಿಗಳು ಮಾತ್ರ ನನಗೆ ಆಗುವುದಿಲ್ಲ.

ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು. ಆ ವೀಸಾಗೆ ಕನಿಷ್ಠ 30,000 ಯುರೋ ವಿಮೆ ಬೇಕು ಅಂತ ನಿಯಮ ಇದೆ. ಅದು ಎಲ್ಲಾ ಷೆಂಗೆನ್ ದೇಶಗಳಲ್ಲಿ, ಇರುವಷ್ಟೂ ದಿನ ನಡೆಯಬೇಕು. ತುಂಬಾ ಜನ ಅಷ್ಟಕ್ಕೇ ಮಾಡಿಸಿ ಕೈ ತೊಳೆದುಕೊಳ್ಳುತ್ತಾರೆ. ಅದು ವೀಸಾ ಕೊಡುವವರು ಹಾಕಿದ ಕೆಳಗಿನ ಗೆರೆ. ನಿಮ್ಮ ಸೊಂಟದ ಮೂಳೆಗೆ ಸಾಕಾಗುತ್ತದೆ ಅಂತ ಯಾರೂ ಲೆಕ್ಕ ಹಾಕಿಲ್ಲ. ಇನ್ನೊಂದು ಮಾತು: ಬ್ರಿಟನ್ ಮತ್ತು ಐರ್ಲೆಂಡ್ ಷೆಂಗೆನ್‌ನಲ್ಲಿಲ್ಲ. ಷೆಂಗೆನ್‌ಗೆ ಮಾತ್ರ ಅಂತ ಬರೆದ ಪಾಲಿಸಿ ಹಿಡಿದು ಲಂಡನ್‌ನಲ್ಲಿ ನಾಲ್ಕು ದಿನ ಉಳಿದರೆ ಆ ನಾಲ್ಕು ದಿನ ನಿಮಗೆ ವಿಮೆಯೇ ಇಲ್ಲ. ಅಮೆರಿಕದ ಕಥೆ ಬೇರೆ. ಅಲ್ಲಿ ಆಸ್ಪತ್ರೆ ಬಿಲ್ಲು ಎಷ್ಟು ದುಬಾರಿ ಅಂದರೆ 'ಅಮೆರಿಕ, ಕೆನಡಾ ಬಿಟ್ಟು ಇಡೀ ಪ್ರಪಂಚ' ಅಂತಲೇ ಬೇರೆ ಪಾಲಿಸಿ ಮಾರುತ್ತಾರೆ. ದಾರಿಯಲ್ಲಿ ನ್ಯೂಯಾರ್ಕಿನಲ್ಲಿ ಎರಡು ದಿನ ಇಳಿಯುವುದಿದ್ದರೆ ಇದನ್ನು ಮರೆಯಬೇಡಿ.

ಪ್ರಶ್ನೆ: ಅಮ್ಮನಿಗೆ 71. ಬಿಪಿ, ಶುಗರ್ ಇದೆ, ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. 'ಇದನ್ನೆಲ್ಲ ಬರೆಯಬೇಡಿ, ಪ್ರೀಮಿಯಂ ಏರುತ್ತೆ, ಯಾರು ಕೇಳ್ತಾರೆ' ಅಂತಾರೆ ಏಜೆಂಟ್. ಏನು ಮಾಡಲಿ?

ಏಜೆಂಟ್ ಬದಲಾಯಿಸಿ.

ಯಾರು ಕೇಳ್ತಾರೆ ಅಂದರೆ, ನಾವೇ ಕೇಳುತ್ತೇವೆ. ಆಸ್ಪತ್ರೆಯ ಕ್ಲೇಮ್ ಬಂದ ಕೂಡಲೇ ನಾನು ತೆಗೆಯುತ್ತಿದ್ದ ಮೊದಲ ಹಾಳೆ ಬಿಲ್ಲಲ್ಲ, ರೋಗಿಯನ್ನು ಮೊದಲು ನೋಡಿದ ಡಾಕ್ಟರ ಕೇಸ್ ಶೀಟು. ಅದರಲ್ಲಿ 'ಹಿಂದಿನ ಕಾಯಿಲೆಗಳು' ಅಂತ ಒಂದು ಸಾಲಿರುತ್ತದೆ. ಒಂದು ಫೈಲು ಈಗಲೂ ಕಣ್ಣ ಮುಂದಿದೆ. ಅರ್ಜಿಯಲ್ಲಿ ಮಗ ಎಲ್ಲಾ ಪ್ರಶ್ನೆಗೂ 'ಇಲ್ಲ' ಅಂತ ಟಿಕ್ ಹಾಕಿದ್ದ. ಎದೆ ನೋವು ಅಂತ ಸೇರಿಸಿದ ರಾತ್ರಿ ಆ ತಾಯಿ ಡಾಕ್ಟರ ಮುಂದೆ ಎಲ್ಲಾ ಹೇಳಿದ್ದರು. ಸ್ಟೆಂಟು, ಯಾವ ವರ್ಷ ಹಾಕಿದ್ದು, ಬೆಳಿಗ್ಗೆ ಯಾವ ಮಾತ್ರೆ, ರಾತ್ರಿ ಯಾವುದು. ಹೇಳಲೇಬೇಕಲ್ಲ, ಜೀವದ ಪ್ರಶ್ನೆ! ಆ ಐದು ಸಾಲಿನಿಂದ ಅವರ ಚಿಕಿತ್ಸೆ ಸರಿಯಾಗಿ ನಡೆಯಿತು. ಅದೇ ಐದು ಸಾಲಿನಿಂದ ಕ್ಲೇಮ್ ಬಿತ್ತು. ತಿರಸ್ಕಾರದ ಪತ್ರಕ್ಕೆ ಸಹಿ ಹಾಕಿದವಳು ನಾನೇ. ಆ ದಿನ ಊಟ ಸೇರಲಿಲ್ಲ.

ಹೇಳಿದರೆ ಏನಾಗುತ್ತದೆ? ಕೆಲವು ಕಂಪನಿ ಜಾಸ್ತಿ ಪ್ರೀಮಿಯಂ ಕೇಳುತ್ತವೆ. ಕೆಲವು ಬೇಡ ಅನ್ನುತ್ತವೆ. ಇನ್ನು ಕೆಲವು 'ಹಳೆಯ ಕಾಯಿಲೆಗೆ ಪ್ರಾಣಾಪಾಯದ ಸಂದರ್ಭದಲ್ಲಿ ಮಾತ್ರ' ಅಂತ ಒಪ್ಪುತ್ತವೆ. ಅಂದರೆ ಹೃದಯಾಘಾತವಾದರೆ ಸ್ಥಿತಿ ಸುಧಾರಿಸುವವರೆಗೆ ಕೊಡುತ್ತಾರೆ, ರೊಟೀನ್ ಚೆಕಪ್ಪಿಗೆ ಇಲ್ಲ. ಅಮ್ಮನಿಗೆ ಇದು ಸಾಕು. ಎಷ್ಟು ತಿಂಗಳಿಂದ ಮಾತ್ರೆ ಬದಲಾಗಿಲ್ಲ ಅಂತಲೂ ಕೇಳಬಹುದು. ಹೊರಡುವ ಮೊದಲು ಡಾಕ್ಟರ ಕೈಯಲ್ಲಿ ಒಂದು ಪುಟ ಬರೆಸಿಕೊಳ್ಳಿ: ಏನು ಕಾಯಿಲೆ, ಯಾವ ಔಷಧಿ, ಪ್ರಯಾಣ ಮಾಡಬಹುದು ಅನ್ನುವ ಒಂದು ಸಾಲು. ಔಷಧಿಯನ್ನು ಅದರ ರಾಸಾಯನಿಕ ಹೆಸರಲ್ಲೇ ಬರೆಸಿ. ಬ್ರ್ಯಾಂಡ್ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಮಾತ್ರೆಗಳು ಕೈಚೀಲದಲ್ಲಿರಲಿ, ಚೆಕ್-ಇನ್ ಬ್ಯಾಗಿನಲ್ಲಿ ಬೇಡ. ಯಾಕೆ ಅಂತ ಮುಂದಿನ ಉತ್ತರದಲ್ಲಿ.

ಪ್ರಶ್ನೆ: ಹೋದ ಸಲ ನಮ್ಮ ಬ್ಯಾಗು ಎರಡು ದಿನ ತಡವಾಗಿ ಬಂತು. ಬಟ್ಟೆ ಕೊಂಡ ರಸೀದಿ ಎಲ್ಲಾ ಕಳಿಸಿದೆವು. ಆದರೂ ಕೊಡಲಿಲ್ಲ. ವಿಮೆ ಅಂದರೆ ಮೋಸವೇ?

ಪಿಐಆರ್ ತಗೊಂಡಿದ್ದಿರಾ? ಬ್ಯಾಗು ಬೆಲ್ಟ್ ಮೇಲೆ ಬರದಿದ್ದಾಗ ಅಲ್ಲೇ ವಿಮಾನ ಕಂಪನಿಯ ಕೌಂಟರಿನಲ್ಲಿ ಬರೆಸುವ ದೂರಿನ ಚೀಟಿ ಅದು. ಅದಿಲ್ಲದೆ ಬರೀ ರಸೀದಿ ಇದ್ದರೆ, ನೀವು ಬಟ್ಟೆ ಕೊಂಡಿರಿ ಅನ್ನೋದಕ್ಕೆ ಮಾತ್ರ ಸಾಕ್ಷಿ.

ನಗಬೇಡಿ, ಇದು ನನಗೇ ಆಗಿದೆ. ರಾತ್ರಿ ಒಂದೂವರೆಗೆ ಇಳಿದೆ. ಬೆಲ್ಟ್ ಖಾಲಿ ತಿರುಗುತ್ತಿತ್ತು. ಯಾರದೋ ಒಂದು ಹಸಿರು ಟ್ರಂಕು ಮಾತ್ರ ಸುತ್ತು ಹಾಕುತ್ತಲೇ ಇತ್ತು. ಕೌಂಟರ್ ಮುಂದೆ ಮೂವತ್ತು ಜನರ ಸಾಲು. ನಿದ್ದೆ ತಡೆಯಲಿಲ್ಲ. ಬೆಳಿಗ್ಗೆ ಮೇಲ್ ಹಾಕಿದರಾಯಿತು ಅಂತ ಹೊರಗೆ ಬಂದುಬಿಟ್ಟೆ. ವಾಪಸ್ ಬಂದು ಕ್ಲೇಮ್ ಹಾಕಿದೆ, ನಮ್ಮದೇ ಆಫೀಸಿನಲ್ಲಿ. ಪಕ್ಕದ ಮೇಜಿನ ಸಹೋದ್ಯೋಗಿ ತಿರಸ್ಕರಿಸಿದ. ಪತ್ರ ಓದಿದರೆ ವಾಕ್ಯಗಳೆಲ್ಲ ಪರಿಚಿತ. ಆ ಮಾದರಿ ಪತ್ರ ಬರೆದುಕೊಟ್ಟವಳು ನಾನೇ ಆಗಿದ್ದೆ.

ವಿಮೆ ಒಂದು ಕಡೆ ಇರಲಿ, ವಿಮಾನ ಕಂಪನಿಗೂ ಜವಾಬ್ದಾರಿ ಇದೆ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಬ್ಯಾಗು ಒಡೆದು ಬಂದಿದ್ದರೆ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಸೇರಿದ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಬರಬೇಕಾದ ದಿನದಿಂದ 21 ದಿನ ಕಳೆದರೂ ಬರದಿದ್ದರೆ ಕಳೆದುಹೋಯಿತು ಅಂತಲೇ ಲೆಕ್ಕ. 2024ರ ಡಿಸೆಂಬರ್ 28ರಿಂದ ಪರಿಹಾರದ ಮಿತಿ ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ, ಐದು ಕರೆನ್ಸಿ ಸೇರಿಸಿ ಬೆಲೆ ಕಟ್ಟುತ್ತಾರೆ. ಇಷ್ಟು ಸಿಗುವಾಗ ಬ್ಯಾಗಿಗಾಗಿ ದುಬಾರಿ ಪಾಲಿಸಿ ಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ. ಒಡವೆ, ನಗದು, ಲ್ಯಾಪ್‌ಟಾಪ್ ಚೆಕ್-ಇನ್ ಬ್ಯಾಗಿನಲ್ಲಿಟ್ಟರೆ ಹೆಚ್ಚಿನ ಪಾಲಿಸಿಗಳು ಕೊಡುವುದೂ ಇಲ್ಲ.

ಪ್ರಶ್ನೆ: ಮಗ ಗೆಳೆಯರ ಜೊತೆ ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೊರಟಿದ್ದಾನೆ. ಪಾಲಿಸಿಯಲ್ಲಿ 'ಟ್ರೆಕ್ಕಿಂಗ್ ಸೇರಿದೆ' ಅಂತ ಇದೆ. ನಿಶ್ಚಿಂತೆಯಿಂದ ಇರಬಹುದಾ?

ಎಷ್ಟು ಎತ್ತರದವರೆಗೆ ಅಂತ ಬರೆದಿದೆ? ಬೇಸ್ ಕ್ಯಾಂಪ್ ಇರುವುದು 5,364 ಮೀಟರಿನಲ್ಲಿ. 3,000ಕ್ಕೋ 4,500ಕ್ಕೋ ನಿಲ್ಲುವ ಪಾಲಿಸಿಗಳಿವೆ. ಅಲ್ಲಿಂದ ಮೇಲೆ ಇವನು ಹತ್ತುತ್ತಾನೆ, ಪಾಲಿಸಿ ಹತ್ತುವುದಿಲ್ಲ. ಎತ್ತರದ ಕಾಯಿಲೆ ಬಂದಾಗ ಕೆಳಗೆ ತರುವ ಹೆಲಿಕಾಪ್ಟರ್ ಖರ್ಚು ಸೇರಿದೆಯಾ, ಅದನ್ನು ಕರೆಯುವ ಮೊದಲು ಕಂಪನಿಗೆ ಫೋನ್ ಮಾಡಿ ಒಪ್ಪಿಗೆ ಪಡೆಯಬೇಕಾ, ಇವೆರಡನ್ನೂ ಬರವಣಿಗೆಯಲ್ಲಿ ಕೇಳಿ. ಮತ್ತೆ, ಟ್ರೆಕ್ ಮುಗಿಸಿ ಎಲ್ಲಾದರೂ ಸ್ಕೂಟರ್ ಬಾಡಿಗೆಗೆ ತಗೊಳ್ಳುವ ಯೋಚನೆ ಇದ್ದರೆ ಆ ದೇಶದಲ್ಲಿ ನಡೆಯುವ ದ್ವಿಚಕ್ರ ಲೈಸೆನ್ಸ್ ಬೇಕು, ಹೆಲ್ಮೆಟ್ ಬೇಕು, ಕುಡಿದಿರಬಾರದು. ಬೆಟ್ಟಕ್ಕಿಂತ ಈ ಸ್ಕೂಟರ್ ಫೈಲುಗಳೇ ನನ್ನ ಮೇಜಿಗೆ ಜಾಸ್ತಿ ಬರುತ್ತಿದ್ದವು.

ಪ್ರಶ್ನೆ: ಕ್ರೆಡಿಟ್ ಕಾರ್ಡಿನ ಜೊತೆ ಉಚಿತ ಪ್ರವಾಸ ವಿಮೆ ಇದೆಯಂತೆ. ಬೇರೆ ಬೇಕಾ?

ಟಿಕೆಟ್ ಅದೇ ಕಾರ್ಡಿನಲ್ಲಿ ಕೊಂಡರೆ ಮಾತ್ರ ಅಂತ ಷರತ್ತು ಇರಬಹುದು. ವಿಮಾನ ಅಪಘಾತಕ್ಕೆ ದೊಡ್ಡ ಮೊತ್ತ, ಆಸ್ಪತ್ರೆಗೆ ಸೊನ್ನೆ, ಹೀಗೂ ಇರುತ್ತದೆ. ಚಿಕಿತ್ಸೆಯ ಅಂಕಿ ಎಷ್ಟು ಅಂತ ಒಂದೇ ಪ್ರಶ್ನೆ ಕೇಳಿ. ಉತ್ತರ ತಡವರಿಸಿದರೆ ಬೇರೆ ಕೊಳ್ಳಿ.

ಪ್ರಶ್ನೆ: ಪ್ರವಾಸಕ್ಕೆ ಇನ್ನೂ ನಾಲ್ಕು ತಿಂಗಳಿದೆ. ಹೊರಡುವ ಹಿಂದಿನ ದಿನ ಕೊಂಡರೆ ಸಾಲದೇ?

ಆಸ್ಪತ್ರೆಗೆ ಮಾತ್ರವಾದರೆ ಸಾಕು. ಟಿಕೆಟ್, ಹೋಟೆಲ್ ರದ್ದಾದರೆ ದುಡ್ಡು ಬೇಕು ಅನ್ನುವುದಾದರೆ ಬುಕ್ ಮಾಡಿದ ವಾರದಲ್ಲೇ ಕೊಳ್ಳಿ. ಪ್ರೀಮಿಯಂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ರದ್ದತಿಯ ರಕ್ಷಣೆ ಮಾತ್ರ ನಾಲ್ಕು ತಿಂಗಳು ಮೊದಲೇ ಶುರುವಾಗುತ್ತದೆ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿ ಉಗುಳಿದಾಗ (ಅದರ ಹೆಸರು ಹೇಳಲು ಹೋದರೆ ನಾಲಿಗೆ ಉಳುಕುತ್ತದೆ) ಯುರೋಪಿನ ಆಕಾಶ ಸುಮಾರು ಆರು ದಿನ ಮುಚ್ಚಿತು, ಒಂದು ಲಕ್ಷದಷ್ಟು ವಿಮಾನ ರದ್ದಾದವು. ಬೂದಿ ಕಂಡ ಮೇಲೆ ಪಾಲಿಸಿ ಕೊಂಡವರಿಗೆ ಅದು ಗೊತ್ತಿದ್ದ ಘಟನೆ, ಪರಿಹಾರವಿಲ್ಲ. ಮೊದಲೇ ಕೊಂಡವರಿಗೂ ಎಲ್ಲರಿಗೂ ಸಿಗಲಿಲ್ಲ. ಬೂದಿ ಅಂದರೆ 'ಕೆಟ್ಟ ಹವಾಮಾನ'ವೋ ಅಲ್ಲವೋ ಅಂತ ಕಂಪನಿಗಳು ಒಂದೊಂದು ಒಂದೊಂದು ರೀತಿ ಓದಿದವು. ರದ್ದತಿಗೆ ಯಾವ ಕಾರಣಗಳನ್ನು ಒಪ್ಪುತ್ತಾರೆ ಅನ್ನುವ ಪಟ್ಟಿಯನ್ನು ಪೂರ್ತಿ ಓದಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. 'ಮನಸ್ಸು ಬದಲಾಯಿತು' ಅನ್ನೋದು ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಪ್ರಶ್ನೆ: ಅಲ್ಲಿ ನಿಜವಾಗಲೂ ಆಸ್ಪತ್ರೆ ಸೇರಬೇಕಾದರೆ ಮೊದಲು ಏನು ಮಾಡಬೇಕು?

ಜೀವಕ್ಕೆ ಅಪಾಯ ಅನ್ನಿಸಿದರೆ ಮೊದಲು ಆಂಬುಲೆನ್ಸ್, ಆಮೇಲೆ ಉಳಿದದ್ದು. ಅಂಥದ್ದಲ್ಲವಾದರೆ ದಾಖಲಾಗುವ ಮೊದಲೇ ಪಾಲಿಸಿಯಲ್ಲಿರುವ 24 ಗಂಟೆಯ ಸಹಾಯವಾಣಿಗೆ ಫೋನ್ ಮಾಡಿ. ಯಾವ ಆಸ್ಪತ್ರೆಗೆ ಹೋದರೆ ನೇರವಾಗಿ ಅವರೇ ದುಡ್ಡು ಕಟ್ಟುತ್ತಾರೆ ಅಂತ ಹೇಳುತ್ತಾರೆ. ಮಾತಾಡಿದವರ ಹೆಸರು, ಸಮಯ, ಕೊಟ್ಟ ಕೇಸ್ ನಂಬರ್ ಬರೆದುಕೊಳ್ಳಿ. ಸಹಾಯವಾಣಿಯ ನಂಬರನ್ನು ಬರೀ ಫೋನಿನಲ್ಲಿ ಇಟ್ಟುಕೊಳ್ಳಬೇಡಿ. ಬಿದ್ದವರ ಫೋನ್ ಲಾಕ್ ಆಗಿರುತ್ತದೆ, ಪಾಸ್‌ವರ್ಡ್ ಗೊತ್ತಿರುವವರು ಪ್ರಜ್ಞೆ ತಪ್ಪಿರುತ್ತಾರೆ. ನಾನು ಪಾಸ್‌ಪೋರ್ಟಿನ ಪ್ಲಾಸ್ಟಿಕ್ ಕವರಿನೊಳಗೆ ಒಂದು ಚೀಟಿ ಇಡುತ್ತೇನೆ. ಪಾಲಿಸಿ ನಂಬರ್, ಸಹಾಯವಾಣಿ, ಮಗಳ ಫೋನ್ ನಂಬರ್, ನನಗೆ ಆಗದ ಔಷಧಿಯ ಹೆಸರು. ಜೊತೆಗೆ ಬರುವವರ ಜೇಬಿನಲ್ಲೂ ಅದರದೇ ಒಂದು ನಕಲು.