ದಿನವಿಡೀ ಓದಿ ತಲೆ ದಣಿದಾಗ ಹಾಡು ಕೇಳುತ್ತಾ ಸೈಕಲ್ ತುಳಿದರೆ ಲಾಭವಿದೆಯೇ?

ಸ್ವಲ್ಪ ಮಟ್ಟಿಗೆ ಇದೆ. ತಲೆ ದಣಿದರೆ ಕಾಲಿನ ಸ್ನಾಯು, ಹೃದಯ, ಶ್ವಾಸಕೋಶದ ಕಸುವೇನೂ ಕುಗ್ಗಿರುವುದಿಲ್ಲ. ನಿತ್ಯದ ವೇಗವೇ ಹೆಚ್ಚು ಕಷ್ಟ ಅನಿಸುತ್ತದೆ, ಅದಕ್ಕೇ ಬೇಗ ಕೈಬಿಡುತ್ತೀರಿ. ನಿಮಿಷಕ್ಕೆ 120–140 ಬೀಟ್ ಇರುವ, ನಿಮಗೇ ಇಷ್ಟವಾದ ಹಾಡು ಆ ಕಷ್ಟದ ಅನಿಸಿಕೆಯನ್ನು ತಗ್ಗಿಸುತ್ತದೆ. ಇದು ಮಾತಾಡುತ್ತಾ ತುಳಿಯುವಷ್ಟು ವೇಗದಲ್ಲಿ ಚೆನ್ನಾಗಿ ನಡೆಯುತ್ತದೆ. ಏದುಸಿರಿನ ಸ್ಪ್ರಿಂಟ್‌ನಲ್ಲಿ ಉಸಿರು, ಕಾಲುರಿ ಕಡೆಗೇ ಗಮನ ಹೋಗುವುದರಿಂದ ಹಾಡು ಕಿವಿಗೆ ಬಿದ್ದರೂ ತಲೆಗೆ ಹತ್ತದು.

ಆದರೆ ವಿಜಯಪುರ–ಸೊಲ್ಲಾಪುರ ರಸ್ತೆಯಂಥ ಲಾರಿ ಓಡಾಡುವ ಹೆದ್ದಾರಿಯಲ್ಲಿ ಇಯರ್‌ಫೋನ್ ಬೇಡವೇ ಬೇಡ, ಹಿಂದಿನ ಲಾರಿಯ ಹಾರ್ನ್ ಕೇಳಿಸುವುದಿಲ್ಲ. ಹೊರಡುವ ಮುಂಚೆ ವಾರ್ಮ್‌ಅಪ್‌ನಲ್ಲಿ ಹತ್ತು ನಿಮಿಷ ಕೇಳಿ. ಮನೆಯಲ್ಲಿ ಟ್ರೇನರ್ (ಸೈಕಲನ್ನು ನಿಂತಲ್ಲೇ ತುಳಿಯಲು ಬಿಡುವ ಸ್ಟ್ಯಾಂಡ್) ಇದ್ದರೆ ಸ್ಪೀಕರ್ ಹಚ್ಚಿ ತುಳಿಯಿರಿ. ದಿನಾ ಅದೇ ಹಾಡಾದರೆ ಹುರುಪು ಸವೆಯುತ್ತದೆ, ಆಗಾಗ ಪಟ್ಟಿ ಬದಲಿಸಿ.