ಲಿಸ್ಬನ್‌ನಿಂದ ಮ್ಯಾಡ್ರಿಡ್‌ಗೆ ಎಷ್ಟು ದೂರ? ವಿಮಾನದಲ್ಲಿ ಎಷ್ಟು ಹೊತ್ತು ಬೇಕು?

ನೇರ ಗೆರೆ ಎಳೆದರೆ ಸುಮಾರು 500 ಕಿಲೋಮೀಟರ್. ರಸ್ತೆಯಲ್ಲಿ ಹೋದರೆ 625 ಕಿ.ಮೀ. ಆಸುಪಾಸು. ವಿಮಾನದ ಪ್ರಯಾಣ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ.

ಆದರೆ ಟಿಕೆಟ್ ನೋಡಿದಾಗ ತಲೆ ಕೆಡಬಹುದು. ಲಿಸ್ಬನ್‌ನಿಂದ ಬೆಳಿಗ್ಗೆ 10ಕ್ಕೆ ಹೊರಟರೆ, ಮ್ಯಾಡ್ರಿಡ್ ತಲುಪುವ ಸಮಯ 12:20 ಎಂದಿರುತ್ತದೆ. ವಾಪಸ್ ಬರುವಾಗ 10ಕ್ಕೆ ಹೊರಟು 10:20ಕ್ಕೇ ಇಳಿದಂತೆ ಕಾಣುತ್ತದೆ! ಸ್ಪೇನ್‌ನ ಗಡಿಯಾರ ಪೋರ್ಚುಗಲ್‌ಗಿಂತ ಒಂದು ಗಂಟೆ ಮುಂದಿದೆ, ಅಷ್ಟೇ. ಪೋರ್ಚುಗಲ್ ಮತ್ತು ಬ್ರಿಟನ್‌ನ ಸಮಯ ಒಂದೇ. ನಕ್ಷೆಯಲ್ಲಿ ನೋಡಿದರೆ ಸ್ಪೇನ್ ಕೂಡ ಬ್ರಿಟನ್‌ನ ನೇರಕ್ಕೇ ಇದೆ, ಅಲ್ವಾ? ಆದರೂ 1940ರಲ್ಲಿ ಸ್ಪೇನ್‌ನ ಸರ್ವಾಧಿಕಾರಿ ಫ್ರಾಂಕೋ ಆಡಳಿತ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿತು. ಮತ್ತೆ ಹಿಂದಕ್ಕೆ ತರಲೇ ಇಲ್ಲ. ಹಾಗಾಗಿ ಮುಂದಿನ ವಿಮಾನ ಅಥವಾ ರೈಲು ಹಿಡಿಯುವವರು ಎರಡೂ ಊರಿನ ಸ್ಥಳೀಯ ಸಮಯ ನೋಡಿಯೇ ಲೆಕ್ಕ ಹಾಕಿ.

ಎರಡೂ ಷೆಂಗೆನ್ ದೇಶಗಳು, ಅಂದರೆ ತಮ್ಮ ನಡುವಿನ ಗಡಿಯಲ್ಲಿ ಸಾಮಾನ್ಯವಾಗಿ ತಪಾಸಣೆ ಇಟ್ಟುಕೊಳ್ಳದ ಯುರೋಪಿನ ದೇಶಗಳ ಗುಂಪಿಗೆ ಸೇರಿದವು. ಸಾಮಾನ್ಯವಾಗಿ ಪಾಸ್‌ಪೋರ್ಟ್ ಕೌಂಟರ್‌ನ ಸಾಲು ಇರುವುದಿಲ್ಲ. ಆದರೂ ಪಾಸ್‌ಪೋರ್ಟ್ ಕೈಯಲ್ಲಿರಲಿ. ಎರಡೂ ವಿಮಾನ ನಿಲ್ದಾಣಗಳಿಗೆ ಮೆಟ್ರೋ ಇದೆ. ಸೆಕ್ಯೂರಿಟಿ, ಕಾಯುವುದು ಎಲ್ಲ ಸೇರಿ ಮನೆಯಿಂದ ಹೋಟೆಲ್‌ವರೆಗೆ ನಾಲ್ಕೈದು ಗಂಟೆ ಇಟ್ಟುಕೊಳ್ಳಿ.

ಇಷ್ಟು ಹತ್ತಿರದ ಎರಡು ರಾಜಧಾನಿಗಳ ನಡುವೆ ರೈಲಿನಲ್ಲಿ ಹೋಗೋಣ ಅಂತ ಯಾರಿಗಾದರೂ ಅನಿಸುತ್ತದೆ. ಬೇಸರದ ಸಂಗತಿ ಎಂದರೆ, ಇದ್ದ ರಾತ್ರಿ ರೈಲು 2020ರ ಮಾರ್ಚ್‌ನಲ್ಲಿ ಕೊರೊನಾ ಕಾಲದಲ್ಲಿ ನಿಂತುಹೋಯಿತು. ಆಮೇಲೆ ಸ್ಪೇನ್‌ನ ಗಡಿ ಊರು ಬಾದಾಹೋಸ್ ಮೂಲಕ ರೈಲು ಬದಲಿಸುತ್ತಾ ಹೋಗುವ ದಾರಿಯೇ ಗತಿಯಾಯಿತು. ಅದಕ್ಕೆ ಹೆಚ್ಚುಕಡಿಮೆ ಇಡೀ ದಿನ ಬೇಕು. ದುಡ್ಡು ಉಳಿಸಬೇಕಿದ್ದರೆ ರಾತ್ರಿ ಬಸ್ ನೋಡಿ, ಎಂಟು ಗಂಟೆಯ ಹಾದಿ.